ಮುಲುಂಡಿನಲ್ಲೊಂದು ಮರುಭೂಮಿ

ಅಮೆರಿಕದ ಅರಿಜೋನಾದಲ್ಲಿ ಟೂಸಾನ್ ಎಂಬ ಊರಿದೆ. ಕೌಬಾಯ್ ಸಿನಿಮಾಗಳಲ್ಲಿ ಕೈ ಮೇಲೆತ್ತಿ ನಿಂತಿರುತ್ತವಲ್ಲ, ಆ ದೊಡ್ಡ ಕಳ್ಳಿಗಳ ಸೀಮೆ. ಅಲ್ಲಿ ವರ್ಷವಿಡೀ ಬೀಳುವ ಮಳೆ ಹೆಚ್ಚುಕಮ್ಮಿ 300 ಮಿಲಿಮೀಟರು. ನಮ್ಮ ಸಾಂತಾಕ್ರೂಜ್ ಹವಾಮಾನ ಕೇಂದ್ರ 2005ರ ಜುಲೈ 26ರಂದು ಒಂದೇ ದಿನದಲ್ಲಿ ಅಳೆದ ಮಳೆ 944 ಮಿಲಿಮೀಟರು. ಅಂದರೆ ಟೂಸಾನಿನ ಕಳ್ಳಿಗೆ ಮೂರು ವರ್ಷಕ್ಕಾಗುವ ನೀರನ್ನು ಮುಂಬಯಿ ಒಂದು ಮಂಗಳವಾರ ಕುಡಿಸಿ ಮುಗಿಸಿತು. ಇಂಥ ಊರಿನಲ್ಲಿ, ಅದರಲ್ಲೂ ಒಂದು ಮಗ್ಗುಲಿಗೆ ಉಪ್ಪಿನ ಗದ್ದೆ, ಅದರಾಚೆ ಠಾಣೆ ಖಾಡಿ ಇರುವ ಮುಲುಂಡ್ ಪೂರ್ವದಲ್ಲಿ, ಮೂರನೇ ಮಹಡಿಯ ಒನ್ ಬಿಎಚ್‌ಕೆಯಲ್ಲಿ ಕಳ್ಳಿ ಬದುಕಿಸುತ್ತೇನೆಂದು ಹೊರಟವನಿಗೆ ಬುದ್ಧಿ ಇಲ್ಲವೆಂದು ಹೇಳಲು ಹವಾಮಾನ ತಜ್ಞರೇ ಬೇಕೆಂದಿಲ್ಲ. ನನ್ನ ಹೆಂಡತಿ ಮೊದಲ ದಿನವೇ ಹೇಳಿದ್ದಳು:

“ಈ ಊರಾಗ ಹಪ್ಪಳಾನ ಒಣಗಂಗಿಲ್ಲ. ಕಳ್ಳಿ ಬದುಕ್ತಾವೇನ್ರಿ?”

ಕಳ್ಳಿಗಳನ್ನು ನಾನು ಕೊಂಡು ತಂದದ್ದಲ್ಲ. ನಮ್ಮ ಆಫೀಸು ಫೋರ್ಟಿನ ಹಳೇ ಕಲ್ಲುಕಟ್ಟಡ ಬಿಟ್ಟು ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸಿನ ಗಾಜಿನ ಕಟ್ಟಡಕ್ಕೆ ಹೋಗುವುದೆಂದು ತೀರ್ಮಾನವಾದಾಗ ಸಾಮಾನಿನ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಂತು. ಮುರಿದ ಸ್ಟೇಪ್ಲರಿಗೂ ಒಂದು ನಂಬರು ಬಿತ್ತು. ಕಿಟಕಿ ಕಟ್ಟೆಯ ಮೇಲಿದ್ದ ಐದು ಕುಂಡಗಳು ಮಾತ್ರ ಯಾವ ಪಟ್ಟಿಗೂ ಸೇರಲಿಲ್ಲ. ಎಂದೋ ರಿಟೈರಾದ ಯಾರೋ ಇಟ್ಟು ಹೋದದ್ದು. ಆಮೇಲೆ ಅವಕ್ಕೆ ಸಿಕ್ಕ ನೀರೆಂದರೆ ಗ್ಲಾಸಿನ ತಳದಲ್ಲುಳಿದ ಕಟಿಂಗ್ ಚಹಾ, ಸಿಕ್ಕ ಗೊಬ್ಬರವೆಂದರೆ ಬೀಡಿ ತುಂಡು. ಒಬ್ಬರು ಬಿಡುವಿನಲ್ಲಿ ಆಲ್‌ಪಿನ್ನುಗಳನ್ನೂ ಚುಚ್ಚಿಟ್ಟಿದ್ದರು. ಅಷ್ಟು ಮುಳ್ಳಿನ ನಡುವೆ ಇನ್ನು ನಾಲ್ಕು ಯಾರಿಗೆ ಗೊತ್ತಾಗಬೇಕು? ಪ್ಯೂನ್ ಕೇಳಿದ: “ಫೇಂಕ್ ದೂಂ ಕ್ಯಾ, ಸಾಬ್?”

ಬೇಡ ಅಂದೆ. ದಯೆ ಅಂತ ಹೇಳಿಕೊಳ್ಳಬಹುದು. ಆದರೆ ನಿಜ ಏನೆಂದರೆ ಆ ವಾರವೇ ನನ್ನ ಪ್ರಮೋಷನ್ ಮೂರನೇ ಸಲ ಜಾರಿತ್ತು. ವರ್ಷಗಟ್ಟಲೆ ಒಂದೇ ಜಾಗದಲ್ಲಿ ಕೂತು, ಯಾರ ಕಣ್ಣಿಗೂ ಬೀಳದೆ, ಬೇರೆಯವರು ಕುಡಿದು ಬಿಟ್ಟದ್ದರಲ್ಲಿ ಬದುಕಿದ ಜೀವಗಳನ್ನು ನೋಡಿ ನನಗೆ ಸ್ವಜಾತಿ ಪ್ರೇಮ ಉಕ್ಕಿ ಬಂತು.

ಜೆರಾಕ್ಸ್ ಪೇಪರಿನ ರಟ್ಟಿನ ಡಬ್ಬದಲ್ಲಿ ಐದನ್ನೂ ಕೂರಿಸಿಕೊಂಡು ವಿ.ಟಿ.ಗೆ ಬಂದೆ. (ಸ್ಟೇಷನ್ನಿನ ಹೆಸರು ಬದಲಾಗಿ ವರ್ಷಗಳಾದವು; ನಾಲಿಗೆ ಇನ್ನೂ ಬದಲಾಗಿಲ್ಲ.) ಸಂಜೆಯ ಠಾಣೆ ಲೋಕಲ್. ಮೂವರ ಬೆಂಚಿನಲ್ಲಿ ನಾಲ್ಕನೆಯವನು ಅರ್ಧ ಅಂಡು ಊರಿ ಕೂರುವ ‘ಚೌಥಿ ಸೀಟ್’ ಎಂಬ ಸಂಪ್ರದಾಯ ಮುಂಬಯಿಯಲ್ಲಿ ಕಾಯ್ದೆಗಿಂತ ಗಟ್ಟಿ. ಆ ದಿನ ನನ್ನ ತೊಡೆಯ ಮೇಲಿನ ಡಬ್ಬ ನೋಡಿ ನಾಲ್ಕನೆಯವನು ಬರಲಿಲ್ಲ. ಮೂರನೆಯವನೂ ಎದ್ದು ಬಾಗಿಲಿಗೆ ಹೋಗಿ ಗಾಳಿ ಕುಡಿಯತೊಡಗಿದ. ಅಷ್ಟು ವರ್ಷದ ಪ್ರಯಾಣದಲ್ಲಿ ಎರಡೂ ಮೊಣಕೈ ಚಾಚಿ ಕೂತದ್ದು ಅದೇ ಮೊದಲು. ಬೈಕುಲಾ ದಾಟುವ ಹೊತ್ತಿಗೆ, ಈ ಗಿಡಗಳನ್ನು ದಿನವೂ ಆಫೀಸಿಗೆ ಒಯ್ದು ತರಬೇಕೆಂಬ ಯೋಜನೆಯೂ ತಲೆಯಲ್ಲಿ ಸಿದ್ಧವಾಗಿತ್ತು.

ಆಮೇಲೆ ದಾದರ್ ಬಂತು. ದಾದರಿನಲ್ಲಿ ಒಳಗೆ ಬರುವವರು ನೋಡಿಕೊಂಡು ಬರುವುದಿಲ್ಲ; ಹಿಂದಿನವರು ತಳ್ಳಿದಲ್ಲಿಗೆ ಬರುತ್ತಾರೆ. ಹಾಗೆ ಬಂದು ನನ್ನ ಡಬ್ಬದ ಪಕ್ಕಕ್ಕೆ ಬಿದ್ದವರು ನಮ್ಮ ಬೋಗಿಯ ಭಜನಾ ಮಂಡಳಿಯ ಮುಖ್ಯ ಗಾಯಕರು. ತಾಳ ತೆಗೆದು, ಶುರು ಮಾಡಿ, ಒಳ್ಳೆಯ ಮಧ್ಯಲಯದಲ್ಲಿ ಸಾಗಿದ್ದ ಅಭಂಗ ಮಾಟುಂಗಾದ ತಿರುವಿನಲ್ಲಿ ಗಾಡಿ ವಾಲಿದ ಕ್ಷಣಕ್ಕೆ ಯಾವ ಸೂಚನೆಯೂ ಇಲ್ಲದೆ ತಾರಸ್ಥಾಯಿಗೆ ಹಾರಿತು. ಮಂಡಳಿಯವರು ಅದನ್ನು ಭಕ್ತಿಯ ಪರಾಕಾಷ್ಠೆ ಎಂದುಕೊಂಡು ತಾಳ ಜೋರು ಮಾಡಿದರು. “ಆಯೀ ಗಂ!” ಎಂಬ ಎರಡು ಪದ ಮೂಲ ಅಭಂಗದಲ್ಲಿ ಇಲ್ಲವೆಂಬುದು ನನಗೂ ಅವರಿಗೂ ಮಾತ್ರ ಗೊತ್ತಿತ್ತು. ನಾನು ಗಡಬಡಿಸಿ ಡಬ್ಬದೊಳಕ್ಕೆ ಕೈಹಾಕಿ, ಇದ್ದುದರಲ್ಲಿ ಮುಳ್ಳೇ ಇಲ್ಲದಂತೆ ಕಂಡ, ಹಸಿರು ಬಿಲ್ಲೆಗಳ ಮೇಲೆ ಹಳದಿ ಮಖಮಲ್ ಚುಕ್ಕೆ ಇಟ್ಟಂತಿದ್ದ ಗಿಡವನ್ನು ಅಂಗೈಯಲ್ಲಿ ಗಟ್ಟಿಯಾಗಿ ಹಿಡಿದು ನನ್ನ ಕಡೆಗೆ ಎಳೆದುಕೊಂಡೆ.

ಪಾಪಾಸುಕಳ್ಳಿಯ ವಂಶದ ಆ ಗಿಡಕ್ಕೆ ಕಾಣುವ ಮುಳ್ಳಿಲ್ಲ. ಬದಲಿಗೆ ಆ ಒಂದೊಂದು ಚುಕ್ಕೆಯಲ್ಲೂ ನೂರಾರು ಸೂಕ್ಷ್ಮ ರೋಮಗಳು, ಪ್ರತಿಯೊಂದಕ್ಕೂ ಹಿಮ್ಮುಖವಾದ ಕೊಕ್ಕೆ. ಮುಟ್ಟಿದರೆ ಸಾಕು, ಗಿಡ ಬಿಟ್ಟು ನಮ್ಮ ಮೈಗೆ ಬಂದು ನೆಲೆಸುತ್ತವೆ. ಘಾಟ್ಕೋಪರ್‌ನಲ್ಲಿ ಅಂಗೈ ನವೆಯಿತು. ಭಾಂಡುಪ್‌ನಲ್ಲಿ ಉರಿಯಿತು. ಮುಲುಂಡಿನಲ್ಲಿ ಇಳಿದವನು ಎರಡೂ ಕೈ ಅಗಲಿಸಿ, ಡಬ್ಬವನ್ನು ಮೊಣಕೈಗಳಲ್ಲಿ ಅಪ್ಪಿಕೊಂಡು ಮನೆ ಬಾಗಿಲನ್ನು ಹಣೆಯಿಂದ ತಟ್ಟಿದೆ.

“ಏನ್ರೀ ಇದು?”

“ಕಳ್ಳಿ.”

“ಕಳ್ಳಿ ಅಂತ ಕಾಣಸ್ತದ. ಯಾಕ ಅಂತ ಕೇಳ್ದೆ.”

ಮಗ ಫೋನಿನಲ್ಲಿ ಹುಡುಕಿ, ಚಿಮಟದಲ್ಲಿ ಆದಷ್ಟು ಕಿತ್ತ ಮೇಲೆ ಅಂಟು ಬಳಿದು ಒಣಗಿಸಿ ಪದರ ಎಬ್ಬಿಸಬೇಕೆಂದು ಪತ್ತೆ ಮಾಡಿದ. ಅವನ ಶಾಲೆಯ ಪ್ರಾಜೆಕ್ಟಿಗೆ ತಂದಿದ್ದ ಫೆವಿಕಾಲ್ ಡಬ್ಬಿ ಬಂತು. ಎರಡೂ ಅಂಗೈಗೆ ಬೆಳ್ಳಗೆ ಬಳಿಸಿಕೊಂಡು ನಾನು ಫ್ಯಾನಿನ ಕೆಳಗೆ ಕೂತಿದ್ದಾಗ ಸೊಸೈಟಿಯ ಸೆಕ್ರೆಟರಿ ಮೆಂಟೆನೆನ್ಸಿನ ಚೆಕ್ ಕೇಳಲು ಬಂದರು. ಸಹಿ ಮಾಡಲು ಕೈಯಿಲ್ಲ ಎಂದು ತೋರಿಸಿದೆ. ಹದಿನೈದು ವರ್ಷದಲ್ಲಿ ಅನೇಕ ನೆಪ ಕೇಳಿದ್ದ ಮನುಷ್ಯ. ಇದಕ್ಕೆ ಮಾತ್ರ ನಿರುತ್ತರರಾಗಿ ಹೋದರು.

ಆಗ ನಮ್ಮ ಮನೆಯಲ್ಲಿ ಅತ್ತೆ ಇದ್ದರು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಧಾರವಾಡದಿಂದ ಬಂದವರು. ಆಪರೇಷನ್ ಆಗಿ, ವರ್ಷಗಳ ನಂತರ ಜಗತ್ತು ಸ್ವಚ್ಛ ಕಾಣತೊಡಗಿದಾಗ ಮೊದಲು ಕಂಡ ವಸ್ತುಗಳಲ್ಲಿ ಈ ಐದು ಕುಂಡವೂ ಸೇರಿದ್ದವು. “ನಮ್ಮೂರಾಗ ಇದನ್ನ ಹೊಲದ ಬೇಲಿಗೆ ಹಚ್ತಿದ್ವಿ, ಅಳಿಯಂದ್ರ. ದನ ಒಳಗ ಬರಬಾರದಂತ. ಇಲ್ಲಿ ಮೂರನೇ ಮಾಳಿಗಿಗೆ ಯಾವ ದನ ಬರ್ತದಂತ ತಂದೀರಿ?” ಎಂದು ಕೇಳಿದರು. ಎದುರು ಫ್ಲಾಟಿನ ಗುಜರಾತಿ ಬೆನ್ ಬಾಗಿಲಲ್ಲೇ ನಿಂತು ಎಚ್ಚರಿಸಿದರು: ವಾಸ್ತು ಪ್ರಕಾರ ಮುಳ್ಳಿನ ಗಿಡ ಒಳಗಿಟ್ಟರೆ ಮನೆಯಲ್ಲಿ ಝಗಡಾ. ಝಗಡಾ ಆಗಲೇ ನಡೆದಿತ್ತಾದ್ದರಿಂದ ಅವರ ಮಾತು ಅಲ್ಲಗಳೆಯಲು ಯಾರಿಗೂ ಸಾಧ್ಯವಾಗಲಿಲ್ಲ.

ಮೊದಲ ಚಿಕಿತ್ಸೆ ಬಿಸಿಲು. ಮರುಭೂಮಿಯ ಗಿಡಕ್ಕೆ ಬೇಕಾದದ್ದು ಬಿಸಿಲಲ್ಲದೆ ಮತ್ತೇನು? ಪಶ್ಚಿಮಕ್ಕೆ ಮುಖ ಮಾಡಿದ ನಮ್ಮ ಬಾಕ್ಸ್ ಗ್ರಿಲ್ಲಿನಲ್ಲಿ, ಏಪ್ರಿಲ್ ಮಧ್ಯಾಹ್ನ, ಐದನ್ನೂ ಸಾಲಾಗಿ ನಿಲ್ಲಿಸಿದೆ. ವಾರದೊಳಗೆ ಬಿಸಿಲು ಬಿದ್ದ ಕಡೆಯೆಲ್ಲ ಬೆಳ್ಳಗೆ ಸುಟ್ಟ ಕಲೆ, ಆಮೇಲೆ ಅದೇ ಕಂದು ತೊಗಟೆ. ವರ್ಷಗಟ್ಟಲೆ ಟ್ಯೂಬ್‌ಲೈಟಿನಲ್ಲಿ ಕೂತ ಕಳ್ಳಿಯ ಚರ್ಮ ಗುಮಾಸ್ತನ ಚರ್ಮವೇ. ಅದನ್ನು ಎರಡು ಮೂರು ವಾರ ಹಂತ ಹಂತವಾಗಿ ಬೆಳಕಿಗೆ ಒಗ್ಗಿಸಬೇಕು. ಒಮ್ಮೆ ಸುಟ್ಟ ಕಲೆ ಮತ್ತೆ ಹಸಿರಾಗುವುದಿಲ್ಲ. ಹಳೆಯ ಪಂಚೆಯೊಂದನ್ನು ಗ್ರಿಲ್ಲಿಗೆ ಕಟ್ಟಿ ನೆರಳು ಮಾಡಿದೆ. ಕೆಳಗಿನಿಂದ ನೋಡಿದವರಿಗೆ ಆ ಮನೆಯಲ್ಲೇನೋ ಸೂತಕವೆಂಬ ಅನುಮಾನ ಬಂದು ಇಬ್ಬರು ವಿಚಾರಿಸಿಕೊಂಡು ಹೋದರು.

ಎರಡನೆಯದು ಮಣ್ಣು. ಚಹಾ ಕುಡಿದು ಕುಡಿದು ಕುಂಡದ ಮಣ್ಣು ಸಿಮೆಂಟಾಗಿತ್ತು. ಕಳ್ಳಿಗೆ ಮಣ್ಣು ಕಡಿಮೆ, ದಪ್ಪ ಮರಳು, ಇಟ್ಟಿಗೆ ಚೂರು, ಪ್ಯೂಮಿಸ್ ಕಲ್ಲು ಜಾಸ್ತಿ ಇರಬೇಕಂತೆ. ಹಾಕಿದ ನೀರು ನಿಲ್ಲದೆ ಇಳಿದು ಹೋಗಬೇಕಂತೆ. ನರ್ಸರಿಯಲ್ಲಿ ಪ್ಯೂಮಿಸ್ ಕಿಲೋ ಲೆಕ್ಕದಲ್ಲಿ ಸಿಗುತ್ತದೆ. ಆದರೆ ಕಲ್ಲಿಗೆ ದುಡ್ಡು ಕೊಟ್ಟವರು ನಮ್ಮ ವಂಶದಲ್ಲಿಲ್ಲ. ಭಾನುವಾರ ಕುಟುಂಬ ಸಮೇತ ಜುಹೂ ಚೌಪಾಟಿಗೆ ಹೋದಾಗ, ಅವರು ಭೇಳ್ ತಿನ್ನುತ್ತಿದ್ದ ಹೊತ್ತಿಗೆ ನಾನು ಕೈಚೀಲಕ್ಕೆ ಮರಳು ತುಂಬಿಕೊಂಡೆ. ಮನೆಗೆ ಬಂದ ಮೇಲೆ ಅತ್ತೆ, ಉಪ್ಪಿನಕಾಯಿಯ ಹದ ನೋಡುವವರು, ಒಂದು ಚಿಟಿಕೆ ನಾಲಿಗೆಗೆ ಮುಟ್ಟಿಸಿ, “ಉಪ್ಪು ಭಾಳ ಆತು” ಎಂದು ತೀರ್ಪು ಕೊಟ್ಟರು. ಸಮುದ್ರದ ಮರಳಿನ ಉಪ್ಪು ಬೇರನ್ನು ಸುಡುತ್ತದೆ. ಅಷ್ಟು ದೂರ ಹೊತ್ತು ತಂದದ್ದನ್ನು ಅತ್ತ ಹಾಕಲಿಲ್ಲ, ಇತ್ತ ಇಡಲಿಲ್ಲ; ಮಗ ಅದರಲ್ಲಿ ಮತ್ತೊಂದು ಪ್ರಾಜೆಕ್ಟ್ ಮಾಡಿದ.

ಉಳಿದದ್ದು ಪಕ್ಕದ ಕಟ್ಟಡದ ರಿಡೆವಲಪ್‌ಮೆಂಟ್. ಅಲ್ಲಿ ರೇತಿಯ ಗುಡ್ಡ, ಇಟ್ಟಿಗೆಯ ಗುಡ್ಡ. ರಾತ್ರಿ ಊಟವಾದ ಮೇಲೆ ಅಡ್ಡಾಡುವ ನೆಪದಲ್ಲಿ ಪಿಶವಿ ಹಿಡಿದು ಹೋಗಿ, ತಗಡಿನ ಸಂದಿಯಿಂದ ನುಸುಳಿ, ಎರಡು ಮುಷ್ಟಿ ತುಂಬುವಷ್ಟರಲ್ಲಿ ಮುಖದ ಮೇಲೆ ಟಾರ್ಚ್ ಬಿತ್ತು.

“ಕ್ಯಾ ಕರ್ ರಹೇ ಹೋ, ಅಂಕಲ್?”

“ಕ್ಯಾಕ್ಟಸ್ ಕೇ ಲಿಯೇ ರೇತಿ…”

ಕಳ್ಳನೆಂಬ ಅನುಮಾನ ಅವನ ಮುಖದಿಂದ ಇಳಿದು, ಅದರ ಜಾಗಕ್ಕೆ ಇನ್ನೂ ಗಂಭೀರವಾದದ್ದು ಬಂತು. ಜೋಧಪುರದ ಕಡೆಯ ವಾಚ್‌ಮನ್. ನನ್ನನ್ನು ಇಟ್ಟಿಗೆಯ ಮೇಲೆ ಕೂರಿಸಿ, ತಾನೇ ಪಿಶವಿ ತುಂಬಿ, ಮೇಲೊಂದಿಷ್ಟು ಇಟ್ಟಿಗೆ ಚೂರು ಹಾಕಿ ಕೈಗೆ ಕೊಟ್ಟ. “ಹಮಾರೇ ಯಹಾಂ ಥೋರ್ ಕೋ ಕೋಯೀ ಪಾನೀ ನಹೀಂ ದೇತಾ, ಅಂಕಲ್. ಬಸ್ ಛೋಡ್ ದೋ.” ಕಳ್ಳಿಯ ಬಗ್ಗೆ ನಾನು ಆ ವರ್ಷ ಕೇಳಿದ ಮಾತುಗಳಲ್ಲೆಲ್ಲ ಅತ್ಯಂತ ಉಪಯುಕ್ತವಾದದ್ದು ಅದೇ. ವಾಚ್‌ಮನ್ ಹೇಳಿದ್ದೆಂಬ ಕಾರಣಕ್ಕೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ರೇತಿಯನ್ನು ಹೆಂಡತಿಯ ಹಿಟ್ಟಿನ ಸಾಣಿಗಿಯಲ್ಲಿ ಜರಡಿ ಹಿಡಿದೆ. ಆ ಸಾಣಿಗಿಯ ಕಥೆ ಇಲ್ಲಿ ಬೇಡ. ಮರುದಿನದ ಚಪಾತಿಯಲ್ಲಿ ಅದು ತಾನೇ ಮಾತಾಡಿತು.

ಶಸ್ತ್ರಚಿಕಿತ್ಸೆಗೆ ಭಾನುವಾರ ಗೊತ್ತು ಮಾಡಿದೆ. ‘ಕರ್ನಾಟಕ ಮಲ್ಲ’ದ ನಾಲ್ಕು ಹಾಳೆ ಮಡಚಿ ಪಟ್ಟಿ ಮಾಡಿ, ಗಿಡದ ಸೊಂಟಕ್ಕೆ ಸುತ್ತಿ ಎತ್ತಿದರೆ ಕೈಗೆ ಮುಳ್ಳು ತಾಗುವುದಿಲ್ಲ. ಕನ್ನಡ ಪತ್ರಿಕೋದ್ಯಮಕ್ಕೆ ಹೊರನಾಡಿನಲ್ಲಿ ಇಂಥದೊಂದು ಉಪಯೋಗವೂ ಇದೆ. ಮೊದಲು ಗುಂಡನೆಯ ಬಂಗಾರದ ಮುಳ್ಳಿನದು. ಬೇರಿನ ಸಿಕ್ಕಿನಲ್ಲಿ ಒಂದು ರಬ್ಬರ್ ಬ್ಯಾಂಡ್, ಎರಡು ಆಲ್‌ಪಿನ್, ಮತ್ತು ಹತ್ತಿಯ ಎಳೆಯಂಥ ಬಿಳಿ ಹಿಟ್ಟುತಿಗಣೆ. ಸ್ಪಿರಿಟ್ ಅದ್ದಿದ ಹತ್ತಿಯಲ್ಲಿ ಒಂದೊಂದನ್ನೇ ಒರೆಸುತ್ತ ಕೂತಾಗ ಮಗ ಫೋನಿನಿಂದ ಇತಿಹಾಸ ಓದಿ ಹೇಳಿದ. ಇದರ ದೂರದ ನೆಂಟ ಕೊಚಿನಿಯಲ್ ಹುಳು. ಅದನ್ನು ಒಣಗಿಸಿ ಅರೆದರೆ ಕಡುಗೆಂಪು ಬಣ್ಣ. ಸ್ಪೇನಿನವರು ಅದರಲ್ಲಿ ದುಡ್ಡು ಮಾಡುವುದನ್ನು ನೋಡಿ ಹೊಟ್ಟೆ ಉರಿದ ಈಸ್ಟ್ ಇಂಡಿಯಾ ಕಂಪನಿಗೆ 1795ರಲ್ಲಿ ಹುಳುಗಳೇನೋ ಸಿಕ್ಕವು, ಆದರೆ ಬೇರೆ ಜಾತಿಯವು. ಬಣ್ಣ ಕಳಪೆ, ಹಸಿವು ಜಬರದಸ್ತು. ದಕ್ಷಿಣ ಭಾರತದ ಪಾಪಾಸುಕಳ್ಳಿಯ ಬೇಲಿಗಳನ್ನು ತಿಂದು ಹಾಕಿದವು. ಆಸ್ಟ್ರೇಲಿಯಾದಲ್ಲಿ ಉಲ್ಟಾ. ಅಲ್ಲಿ ಕಳ್ಳಿಯೇ ಹೊಲಗಳನ್ನು ನುಂಗುತ್ತಿತ್ತು. 1920ರ ದಶಕದಲ್ಲಿ ಅರ್ಜೆಂಟೀನಾದಿಂದ ಒಂದು ಪತಂಗ ತಂದು ಬಿಟ್ಟರು, ಅದರ ಮರಿಹುಳು ಕಳ್ಳಿಯನ್ನೆಲ್ಲ ಮುಗಿಸಿತು. ಕೃತಜ್ಞರಾದ ರೈತರು ಕ್ವೀನ್ಸ್‌ಲ್ಯಾಂಡಿನ ಬೂನಾರ್ಗದಲ್ಲಿ 1936ರಲ್ಲಿ ಆ ಹುಳುವಿನ ಹೆಸರಿನಲ್ಲಿ ಒಂದು ಸ್ಮಾರಕ ಭವನವನ್ನೇ ಕಟ್ಟಿದರು.

“ಪಪ್ಪಾ, ನಿಮ್ಮ ಹೆಸರಿಗೂ ಒಂದು ಕಟ್ತಾರ” ಎಂದ ಮಗ. ಅಷ್ಟರಲ್ಲಿ ನಾನು ಎರಡಡಿ ಎತ್ತರದ ಕಂಬದ ಕಳ್ಳಿಯನ್ನು ಬುಡದಿಂದ ಕೊಯ್ಯುತ್ತಿದ್ದೆ.

ಅದರ ಬುಡ ಮೆತ್ತಗಾಗಿತ್ತು. ಕೊಳೆತ ಭಾಗ ಕೊಯ್ದು, ಒಳಗಿನ ತಿರುಳು ಕಂದು ಉಂಗುರವಿಲ್ಲದೆ ಸ್ವಚ್ಛ ಹಸಿರಾಗಿ ಕಾಣುವವರೆಗೆ ಮೇಲೆ ಮೇಲೆ ಹೋಗಬೇಕು. ಪ್ರತಿ ಸಲ ಚಾಕು ಸ್ಪಿರಿಟ್‌ನಲ್ಲಿ ಒರೆಸಬೇಕು. ಕೊಯ್ದೆ, ಕಂದು. ಮತ್ತೆ ಕೊಯ್ದೆ, ಕಂದು. ಎರಡಡಿಯ ಕಂಬ ಗೇಣಿಗೆ ಇಳಿದಾಗ ಹಸಿರು ಕಂಡಿತು. ಗಾಯಕ್ಕೆ ದಾಲ್ಚಿನ್ನಿ ಪುಡಿ ಬಳಿದೆ (ಆ ತಿಂಗಳು ಪಲಾವು ರದ್ದಾಯಿತು). ಇನ್ನು ಅದನ್ನು ನೀರಿಲ್ಲದೆ, ಮಣ್ಣಿಲ್ಲದೆ, ಗಾಯ ಒಣಗಿ ಗಟ್ಟಿಯಾಗುವವರೆಗೆ ನೆರಳಿನಲ್ಲಿಡಬೇಕು. ಫ್ರಿಜ್ಜಿನ ಮೇಲೆ, ಒಂದು ಸ್ಟೀಲ್ ತಟ್ಟೆಯಲ್ಲಿ, ನೆಟ್ಟಗೆ ನಿಲ್ಲಿಸಿದೆ.

ಕೊನೆಯದು ಮೂರು ಮೂಲೆಯ, ಸಣ್ಣ ಎಲೆಗಳಿದ್ದ ಗಿಡ. ಅದಕ್ಕೆ ಚಾಕು ತಾಗಿಸಿದ್ದೇ ಹಾಲು ಚಿಮ್ಮಿತು. ಹೊಸ ಕಣ್ಣಿನ ಅತ್ತೆ ಮೂಲೆಯಿಂದಲೇ ಕೂಗಿದರು: “ಅಯ್ಯ, ಅದು ನಮ್ಮ ಕಳ್ಳಿ! ಹಾಲು ಕಣ್ಣಿಗೆ ಬಿದ್ದರ ಕಣ್ಣ ಹೋಗ್ತಾವ!” ಆಪರೇಷನ್ ಆದ ಕಣ್ಣಿನ ನೆನಪಾಗಿ ಮನೆಯಲ್ಲಿ ಎಲ್ಲರೂ ಒಂದೊಂದು ದಿಕ್ಕಿಗೆ ಓಡಿದರು, ಅತ್ತೆ ಮಾತ್ರ ಕೂತಲ್ಲೇ ಕೂತಿದ್ದರು. ನಾನು ಕೈ ತೊಳೆದೆ, ಮುಖ ತೊಳೆದೆ, ಚಾಕು ತೊಳೆದೆ, ಹೆಂಡತಿ ಚಾಕುವನ್ನು ಎಸೆದಳು. ಆಮೇಲೆ ತಿಳಿದದ್ದು: ಅದು ಕ್ಯಾಕ್ಟಸ್ಸೇ ಅಲ್ಲ. ನಿಜವಾದ ಕ್ಯಾಕ್ಟಸ್ಸಿಗೆ ಸಾಮಾನ್ಯವಾಗಿ ಹೀಗೆ ಹಾಲು ಸುರಿಯುವುದಿಲ್ಲ, ಮತ್ತು ಅದರ ಮುಳ್ಳು ಹೊರಡುವುದು ಒಂದು ಪುಟ್ಟ ಮೆತ್ತೆಯಂಥ ಚುಕ್ಕೆಯಿಂದ. ಹಾಲಿನ ಕಳ್ಳಿಗಳು ಯುಫೋರ್ಬಿಯಾ ಕುಲದವು, ಆಫ್ರಿಕಾ-ಭಾರತದ ಕಡೆಯವು. ಕ್ಯಾಕ್ಟಸ್ಸುಗಳು, ಒಂದೇ ಒಂದು ಜಾತಿ ಬಿಟ್ಟರೆ, ಎಲ್ಲವೂ ಅಮೆರಿಕ ಖಂಡಗಳ ಮೂಲದವು. ಮಗ ಇದನ್ನೆಲ್ಲ ಓದುವಾಗ ಅತ್ತೆಗೆ ಯಾವ ಆಶ್ಚರ್ಯವೂ ಆಗಲಿಲ್ಲ. ಬೇಲಿ ಹಚ್ಚಿದವರಿಗೆ ಗೊತ್ತಿರುತ್ತದೆ.

ಅವನು ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. “ಅಜ್ಜಿ, ಈ ಗುಂಡನೆ ಗಿಡಕ್ಕ ಯುರೋಪಿನಾಗ ಏನಂತಾರ ಗೊತ್ತದೇನು? ಅತ್ತೆಯ ಆಸನ!”

ನಾನು ಫ್ಯಾನಿನ ರೆಕ್ಕೆ ಎಣಿಸತೊಡಗಿದೆ. ಅತ್ತೆ ಆ ಗೇಣುದ್ದದ ಬಂಗಾರದ ಮುಳ್ಳಿನ ಗೋಳವನ್ನೂ ನನ್ನನ್ನೂ ಒಂದೊಂದು ಸಲ ನೋಡಿ, ಶಾಂತವಾಗಿ ಹೇಳಿದರು: “ಹೌದಾ? ಹಂಗಾದ್ರ ಅದು ನನ್ನ ಪಾಲಿಂದು. ನಾನ ನೋಡ್ಕೊತೀನಿ.”

ಜೂನ್ ಎರಡನೇ ವಾರ ಮಳೆ ಹಿಡಿಯಿತು. ಗ್ರಿಲ್ಲಿನ ಕುಂಡಗಳೆಲ್ಲ ಒಳಗೆ ಬಂದವು: ಒಂದು ವಾಷಿಂಗ್ ಮಶೀನ್ ಮೇಲೆ, ಒಂದು ಟಿವಿ ಪಕ್ಕ, ಅತ್ತೆಯದು ಅತ್ತೆಯ ಮಂಚದ ತಲೆದೆಸೆಯಲ್ಲಿ. ಕಳ್ಳಿಗೆ ಗಾಳಿಯಾಡಬೇಕೆಂದು ಮನೆಯ ಒಂದೇ ಟೇಬಲ್ ಫ್ಯಾನನ್ನು ಅವುಗಳ ಕಡೆ ತಿರುಗಿಸಿದೆ. ಕಳ್ಳಿ ಹಗಲು ಚರ್ಮದ ರಂಧ್ರ ಮುಚ್ಚಿಕೊಂಡಿದ್ದು ರಾತ್ರಿ ಮಾತ್ರ ತೆರೆದು ಗಾಳಿ ತೆ­ಗೆದುಕೊಳ್ಳುತ್ತದೆ. ನೀರು ಉಳಿಸುವ ಉಪಾಯ. ಜುಲೈ ತಿಂಗಳ ಮುಲುಂಡಿನಲ್ಲಿ ಅದು ಯಾರಿಗಾಗಿ ನೀರು ಉಳಿಸುತ್ತಿತ್ತೋ, ಪಾಪ. ಇಷ್ಟೆಲ್ಲ ಮಾಡಿದರೂ ಒಂದೊಂದಾಗಿ ಮೆತ್ತಗಾಗತೊಡಗಿದವು. ತಿಂಗಳಿಗೊಮ್ಮೆಯೂ ನೀರು ಬೇಡದ ಕಾಲ. ನಾನಂತೂ ಹಾಕುತ್ತಿರಲಿಲ್ಲ. ಅಂದರೆ, ಎಲ್ಲರೂ ಮಲಗಿದ ಮೇಲೆ, ಪಾಪ ಎನಿಸಿದಾಗ, ಅರ್ಧ ಲೋಟ. ಅಷ್ಟೇ.

ಕೆಳಗಿನ ಮನೆಯವರ ಛಾವಣಿಯಲ್ಲಿ ತೇವ ಕಾಣಿಸಿ ಸೆಕ್ರೆಟರಿ ಮೇಲೆ ಬಂದಾಗ ವಿಚಾರಣೆ ನಡೆಯಿತು. ಮಗ ದಿನವೂ ಸ್ಪ್ರೇ ಮಾಡುತ್ತಿದ್ದ. ಬಾಟಲಿ ಹೊಸದು, ಗುಂಡಿ ಒತ್ತುವುದೇ ಒಂದು ಮಜಾ. ಅತ್ತೆ ಬೆಳಗ್ಗೆ ತುಳಸಿಗೆ ಹಾಕಿ ಉಳಿದ ತಂಬಿಗೆ ನೀರನ್ನು ತಮ್ಮ ಆಸನಕ್ಕೆ ಸುರಿಯುತ್ತಿದ್ದರು: “ಒಂದಕ್ಕ ಹಾಕಿ ಒಂದಕ್ಕ ಬಿಟ್ರ ಹೆಂಗ? ಅದೂ ಜೀವ ಅಲ್ಲೇನು?” ಪಾತ್ರೆ ತೊಳೆಯಲು ಬರುವ ಮಾವಶಿಯದು ಎಲ್ಲಕ್ಕಿಂತ ಮೇಲು. ಫ್ರಿಜ್ಜಿನ ಮೇಲೆ ತಟ್ಟೆಯಲ್ಲಿ ನೆಟ್ಟಗೆ ನಿಂತ, ಗೇಣುದ್ದದ, ದಾಲ್ಚಿನ್ನಿಯ ಭಸ್ಮ ಬಳಿದ ಆ ಕಂಬವನ್ನು ನೋಡಿ ಅವಳಿಗೆ ಅನುಮಾನವೇ ಬಂದಿರಲಿಲ್ಲ. ಪ್ರತಿ ಸೋಮವಾರ ಒಂದು ಬಿಳಿ ಹೂ, ಒಂದು ಲೋಟ ಅಭಿಷೇಕ. ಬೆಂಗಳೂರು-ಧಾರವಾಡದವರು ಹೊಸ ಪದ್ಧತಿಯ ಲಿಂಗ ಇಟ್ಟಿದ್ದಾರೆ ಎಂದು ಬಿಲ್ಡಿಂಗಿನ ನಾಲ್ಕು ಮನೆಯಲ್ಲಿ ಹೇಳಿಯೂ ಇದ್ದಳಂತೆ.

ಆಫೀಸಿನಲ್ಲಿ ಯಾರೂ ಮೂಸಿ ನೋಡದೆ ಅಷ್ಟು ವರ್ಷ ಬದುಕಿದ ಗಿಡಗಳಿಗೆ ಹೀಗೆ ಒಂದಿಡೀ ಕುಟುಂಬದ ಕನಿಕರ ಒಟ್ಟಿಗೇ ಬಿತ್ತು. ಅತ್ತೆಯ ಆಸನ ಒಂದು ಬೆಳಗ್ಗೆ ಒಳಗೊಳಗೇ ಕುಸಿದು ಕೂತಿತು. ಅದರ ತವರು ಮೆಕ್ಸಿಕೋದಲ್ಲಿ ಅದರ ನೆಲೆಯ ಒಂದಿಷ್ಟು ಭಾಗ ಅಣೆಕಟ್ಟಿನ ನೀರಿನಲ್ಲಿ ಮುಳುಗಿದೆಯಂತೆ. ನಮ್ಮದು ತಂಬಿಗೆಯ ನೀರಿನಲ್ಲಿ. ಕಂಬ ಕೊಳೆತು ನಾರತೊಡಗಿದಾಗ ಅದನ್ನು ಕಚರಾಡಬ್ಬಕ್ಕೆ ಹಾಕಲು ಮಾವಶಿ ಬಿಡಲಿಲ್ಲ. ಒಡೆದ ದೇವರ ಫೋಟೋಗಳನ್ನೆಲ್ಲ ಇಡುವ ಆಲದ ಮರದ ಬುಡಕ್ಕೆ ಒಯ್ದು, ಕೈಮುಗಿದು, ಬಿಟ್ಟು ಬಂದಳು. ಕೊಕ್ಕೆಮುಳ್ಳಿನ ಪಾಪಾಸುಕಳ್ಳಿ ತನ್ನ ಬಿಲ್ಲೆಗಳನ್ನೆಲ್ಲ ಉದುರಿಸಿ ಸತ್ತಿತು; ಅದರಲ್ಲೊಂದು ವಾಷಿಂಗ್ ಮಶೀನಿನ ಹಿಂದೆ ಬಿದ್ದದ್ದು ಯಾರಿಗೂ ಗೊತ್ತಿರಲಿಲ್ಲವಾಗಿ, ಅಲ್ಲೇ ಧೂಳಿನಲ್ಲಿ ಬೇರು ಬಿಟ್ಟು ಬದುಕಿತು.

ಕೆಂಪು ಚೆಂಡಿನ ಗಿಡದ್ದೇ ಬೇರೆ ಕಥೆ. ಅಂಗಡಿಗಳಲ್ಲಿ ಎಲ್ಲರೂ ನೋಡಿರುತ್ತಾರೆ: ಕೆಳಗೆ ಹಸಿರು ಕಂಬ, ಮೇಲೆ ಕೆಂಪು ಅಥವಾ ಹಳದಿ ಚೆಂಡು. ಅವು ಎರಡು ಬೇರೆ ಗಿಡ, ಕಸಿ ಕಟ್ಟಿದ್ದು. ಈ ಕೆಂಪು ತಳಿ ಮೊದಲು ಬಂದದ್ದು ಜಪಾನಿನಲ್ಲಿ, 1941ರಲ್ಲಿ. ಮೇಲಿನ ಚೆಂಡಿನಲ್ಲಿ ಹಸಿರು ಹರಿತ್ತೇ ಇಲ್ಲ. ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದು. ಕೆಳಗಿನವನು ದುಡಿಯುತ್ತಾನೆ, ಮೇಲಿನವನು ಬಣ್ಣ ತೋರಿಸುತ್ತಾನೆ. ನಮ್ಮ ಆಫೀಸಿನ ಕಿಟಕಿಗೆ ಅದನ್ನು ಯಾಕೆ ತಂದಿಟ್ಟಿದ್ದರೆಂದು ಆಗ ಹೊಳೆಯಿತು. ಆಗಸ್ಟಿನಲ್ಲಿ ಮೇಲಿನವನು ಕೊಳೆತು ಬಿದ್ದ. ಕೆಳಗಿನವನು ಭಾರ ಇಳಿದ ಖುಷಿಗೆ ಪಕ್ಕದಿಂದ ಚಿಗುರೊಡೆದು, ಕಂಬಿ ಹಿಡಿದು ಹತ್ತತೊಡಗಿದ. ನನ್ನ ಆರೈಕೆಗೆ ಕೊನೆಗೂ ಫಲ ಸಿಕ್ಕಿತೆಂದು ಪೇಢಾ ಹಂಚಿದೆ. ಬೆನ್ ಬಂದು ನೋಡಿ, “ಅರೇ, ಯೇ ತೋ ಕಮಲಂ ಹೈ!” ಅಂದರು. ಡ್ರ್ಯಾಗನ್ ಫ್ರೂಟ್. 2021ರಲ್ಲಿ ಗುಜರಾತ್ ಸರಕಾರ ಆ ಹಣ್ಣಿಗೆ ಕಮಲಂ ಎಂದು ನಾಮಕರಣ ಮಾಡಿತ್ತು. ಅದೂ ಕ್ಯಾಕ್ಟಸ್ಸೇ, ಮುಳ್ಳೂ ಇದೆ, ಆದರೆ ಅದಕ್ಕೆ ವಾಸ್ತುವಿನ ತಕರಾರು ಬರಲಿಲ್ಲ.

ಈ ನಡುವೆ ನಾನು ತಾಳ್ಮೆಯ ಬಗ್ಗೆಯೂ ಓದಿಕೊಂಡೆ. ಟೂಸಾನಿನ ಆ ದೊಡ್ಡ ಸಗುವಾರೊ ಕಳ್ಳಿ ತನ್ನ ಮೊದಲ ಕೈ ಹೊರಡಿಸಲು 50ರಿಂದ 75 ವರ್ಷ ತೆಗೆದುಕೊಳ್ಳುತ್ತದಂತೆ. ಇದನ್ನು ಸೊಸೈಟಿಯ ಸಭೆಯಲ್ಲಿ ಹೇಳಿದಾಗ ಯಾರಿಗೂ ದೊಡ್ಡ ವಿಷಯ ಅನ್ನಿಸಲಿಲ್ಲ. ನಮ್ಮ ಬಿಲ್ಡಿಂಗಿನ ರಿಡೆವಲಪ್‌ಮೆಂಟ್ ಫೈಲು ಅದಕ್ಕಿಂತ ಸಾವಕಾಶ.

ಇಷ್ಟು ದಿನವೂ ನಮ್ಮ ಬಚ್ಚಲು ಕಿಟಕಿಯ ಹೊರಗೆ, ಎಣ್ಣೆಯ ಹಳೇ ಡಬ್ಬವೊಂದರಲ್ಲಿ, ಹೆಂಡತಿ ಧಾರವಾಡದಿಂದ ಒಂದೇ ಎಲೆ ತಂದು ಚುಚ್ಚಿದ್ದ ಬ್ರಹ್ಮಕಮಲ ನೇತಾಡುತ್ತಿತ್ತು. ಬಚ್ಚಲಿನ ಹಬೆ, ನೆರಳು, ಮಳೆಯ ಇರಿಚಲು. ಅದಕ್ಕೆ ಯಾರೂ ಪಂಚೆ ಕಟ್ಟಿರಲಿಲ್ಲ, ಫ್ಯಾನ್ ಹಾಕಿರಲಿಲ್ಲ. ನನಗೋ ಅದರ ಬಗ್ಗೆ ತಾತ್ಸಾರ. ಕ್ಯಾಕ್ಟಸ್ ತಜ್ಞನ ಮನೆಯಲ್ಲಿ ಇದೊಂದು ಹೆಂಗಸರ ಹೂವಿನ ಗಿಡ. ಶ್ರಾವಣದಲ್ಲಿ ಅದು ಒಟ್ಟಿಗೇ ಹನ್ನೊಂದು ಮೊಗ್ಗು ಬಿಟ್ಟಿತು. ಅರಳುವ ರಾತ್ರಿ ಹೆಂಡತಿ ಡಬ್ಬವನ್ನು ಹಾಲ್‌ಗೆ ತಂದು ಇಡೀ ಮಹಡಿಯವರನ್ನು ಕರೆದಳು. ಬೆನ್ ಆರತಿ ತಟ್ಟೆ ತಂದರು. ಮಾವಶಿ ಮಗಳ ಜೊತೆ ಬಂದಳು. ಸೆಕ್ರೆಟರಿ ನೀರು ಸೋರುತ್ತಿದೆಯೇ ಎಂದು ಮೊದಲು ಡಬ್ಬದ ತಳ ಮುಟ್ಟಿ ನೋಡಿ, ಆಮೇಲೆ ಫೋಟೋ ತೆಗೆದರು. ಹತ್ತೂವರೆಗೆ ಹಾಲ್ ತುಂಬ ಪರಿಮಳ.

ಮಗ ಆ ಹೂವಿನ ಫೋಟೋವನ್ನು ಫೋನಿಗೆ ಕೊಟ್ಟು ಹೆಸರು ಹುಡುಕಿ ನನ್ನ ಕೈಗಿತ್ತ. ಓದಿದೆ. ಹಿಮಾಲಯದ ಅಸಲಿ ಬ್ರಹ್ಮಕಮಲ, ಉತ್ತರಾಖಂಡದ ರಾಜ್ಯಪುಷ್ಪ, ಬೇರೆಯೇ ಗಿಡ. ನಮ್ಮ ಮನೆಮನೆಯಲ್ಲಿರುವ ಇದು ದಕ್ಷಿಣ ಮೆಕ್ಸಿಕೋದಿಂದ ಕೆಳಗಿನ ಒದ್ದೆ ಕಾಡುಗಳಲ್ಲಿ ಮರದ ಕೊಂಬೆ ಹಿಡಿದು ಬೆಳೆಯುವ ಅಪ್ಪಟ ಕ್ಯಾಕ್ಟಸ್. ನಾವು ಎಲೆ ಅನ್ನುವುದು ಎಲೆಯಲ್ಲ, ಚಪ್ಪಟೆಯಾದ ಕಾಂಡ. ಅದರ ಅಂಚಿನ ಕಚ್ಚುಗಳಲ್ಲಿ ಆ ಪುಟ್ಟ ಚುಕ್ಕೆಗಳೂ ಇವೆ, ಹೂ ಹೊರಡುವುದು ಅಲ್ಲಿಂದಲೇ. ತೇವದ ಗಾಳಿ ಬೇಕು, ಕಡು ಬಿಸಿಲು ಬೇಡ. ಮುಂಬಯಿಗೆಂದೇ ಹುಟ್ಟಿದ ಕ್ಯಾಕ್ಟಸ್ ಒಂದಿದ್ದರೆ ಅದು ಇದೇ, ಮತ್ತು ಅದು ಇಷ್ಟು ವರ್ಷ ನನ್ನ ಟವೆಲ್ಲಿನ ಹಿಂದೆ ಇತ್ತು.

ತಡೆಯಲಾಗಲಿಲ್ಲ. ಬೆನ್‌ಗೆ ಕೊಡಲು ಹೆಂಡತಿ ಎಲೆ ಮುರಿಯುತ್ತಿದ್ದಾಗ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಘೋಷಿಸಿದೆ: “ಬೆನ್, ಯೇ ಅಸಲೀ ಕ್ಯಾಕ್ಟಸ್ ಹೈ!”

ಬೆನ್ ಚಾಚಿದ್ದ ಕೈ ಹಿಂದೆ ಸರಿಯಿತು. ಆರತಿ ತಟ್ಟೆ ಅರ್ಧಕ್ಕೇ ನಿಂತಿತು. ಸೆಕ್ರೆಟರಿ ಎರಡು ಹೆಜ್ಜೆ ಹಿಂದೆ ಹೋಗಿ ಅತ್ತೆಯ ಮಂಚಕ್ಕೆ ತಾಗಿದರು. ಹೆಂಡತಿ ನನ್ನ ಕಡೆ ನೋಡಲೂ ಇಲ್ಲ. ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತುತ್ತ, ಅತ್ಯಂತ ಸಹಜವಾಗಿ ಹೇಳಿದಳು:

“ಕುಛ್ ನಹೀಂ, ಬೆನ್. ಇನಕೋ ಆಜಕಲ್ ಸಬ್ ಕ್ಯಾಕ್ಟಸ್ ದಿಖತಾ ಹೈ.”

ಬೆನ್ ನನ್ನನ್ನು ಕನಿಕರದಿಂದ ನೋಡಿ, ಇನ್ನೂ ಎರಡು ಎಲೆ ಕೇಳಿ ತೆಗೆದುಕೊಂಡು ಹೋದರು.